ಕಾರಿನ ಥರ್ಮೋಸ್ಟಾಟ್ ಕೆಟ್ಟಿದೆಯೇ? ತೆಗೆಸುವುದೋ, ಬದಲಿಸುವುದೋ, ಬದಲಿಸಿದರೆ ಯಾವುದನ್ನು ಹಾಕಿಸುವುದೋ

ಎರಡು ವರ್ಷದ ಹಿಂದೆ, ಮೇ ತಿಂಗಳ ಮಧ್ಯಾಹ್ನ, ಬೀದರಿನಿಂದ ಕಲಬುರಗಿಗೆ ಬರುತ್ತಿದ್ದೆವು. ಹುಮನಾಬಾದ್ ದಾಟಿ ಕಮಲಾಪುರ ಹತ್ತಿರವಾಗುವಾಗ ಟೆಂಪರೇಚರ್ ಮುಳ್ಳು ನಡುವಿನ ಗೆರೆ ಬಿಟ್ಟು ಮೇಲೇರತೊಡಗಿತು. ಎಸಿ ಬಂದ್ ಮಾಡಿದೆ, ಮುಳ್ಳು ನಿಲ್ಲಲಿಲ್ಲ. ರಸ್ತೆ ಬದಿಯ ಬೇವಿನ ಮರದ ನೆರಳಿಗೆ ಗಾಡಿ ಹಾಕಿ ಬಾನೆಟ್ ಎತ್ತಿದರೆ ಫ್ಯಾನು ಜೋರಾಗಿ ತಿರುಗುತ್ತಿದೆ, ಟ್ಯಾಂಕಿನಲ್ಲಿ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಇದೆ, ಎಲ್ಲೂ ಸೋರಿಕೆ ಇಲ್ಲ. ರೇಡಿಯೇಟರಿನ ಮೇಲಿನ ಹೋಸ್ ಪೈಪು ಮುಟ್ಟಲಾಗದಷ್ಟು ಕಾದಿತ್ತು. ಕೆಳಗಿನದು ಮಾತ್ರ ಬಿಸಿಲಿಗೆ ಕಾದಷ್ಟೇ ಬೆಚ್ಚಗಿತ್ತು.

ನಿಲ್ಲಿಸುತ್ತ, ಆರಿಸುತ್ತ ಹೇಗೋ ಊರು ಮುಟ್ಟಿದೆವು. ಗ್ಯಾರೇಜಿನ ಮಿಸ್ತ್ರಿ ಹೋಸ್ ಬಿಚ್ಚಿ ಥರ್ಮೋಸ್ಟಾಟ್, ಎಂದರೆ ರೇಡಿಯೇಟರಿಗೆ ಕೂಲಂಟ್ ಬಿಡುವ ವಾಲ್, ಹೊರಗೆ ತೆಗೆದು ಅಂಗೈ ಮೇಲಿಟ್ಟು ತೋರಿಸಿದರು. ಬಾಯಿ ಮುಚ್ಚಿಕೊಂಡೇ ಕೂತಿತ್ತು. "ನಮ್ ಕಡಿ ಬಿಸಲಿಗಿ ಈ ವಾಲ್ ಯಾಕ್ ಬೇಕ್ರಿ ಅಣ್ಣಾರ? ಇದು ಥಂಡಿ ದೇಶದವರಿಗಿ ಮಾಡಿದ್ದು. ತೆಗದ್ ಒಗದ್ರ ಗಾಡಿ ತಂಪ್ ಇರ್ತದ" ಎಂದರು. ಖರ್ಚೂ ಇಲ್ಲ, ಮಾತೂ ಸರಿ ಎನಿಸಿತು. ಒಪ್ಪಿಕೊಂಡೆ. ಮುಂದಿನ ಹನ್ನೊಂದು ತಿಂಗಳು ಆ ಕಾರು ವಾಲ್ ಇಲ್ಲದೆ ಓಡಿತು. ಆ ಹನ್ನೊಂದು ತಿಂಗಳಲ್ಲಿ ಕಂಡದ್ದು, ಆಮೇಲೆ ಹೊಸದು ಕೊಳ್ಳಲು ಅಲೆದಾಗ ತಿಳಿದದ್ದು, ಇವೆರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ನಮ್ಮ ಭಾಗದಲ್ಲಿ ಇದೇ ಸಲಹೆಯನ್ನು ಇನ್ನೂ ಎಷ್ಟೋ ಜನ ಕೇಳಿ ಒಪ್ಪುತ್ತಿದ್ದಾರೆ.

ವಾಲ್ ಮಾಡುವ ಕೆಲಸ

ಥರ್ಮೋಸ್ಟಾಟಿನ ಹೊಟ್ಟೆಯಲ್ಲಿ ಒಂದು ಹಿತ್ತಾಳೆ ಗುಂಡಿ ಇರುತ್ತದೆ. ಅದರೊಳಗೆ ಮೇಣ. ಎಂಜಿನ್ ತಣ್ಣಗಿದ್ದಾಗ ಮೇಣ ಗಟ್ಟಿ. ಸ್ಪ್ರಿಂಗು ಬಾಯಿ ಮುಚ್ಚಿ ಹಿಡಿದಿರುತ್ತದೆ, ಕೂಲಂಟ್ ಎಂಜಿನ್ನಿನೊಳಗೇ ಸುತ್ತುತ್ತದೆ. ಗೊತ್ತುಮಾಡಿದ ಬಿಸಿ ಬಂದಾಗ ಮೇಣ ಕರಗಿ ಉಬ್ಬುತ್ತದೆ, ಒಳಗಿನ ಕಡ್ಡಿಯನ್ನು ತಳ್ಳುತ್ತದೆ, ಬಾಯಿ ತೆರೆದು ಕೂಲಂಟ್ ರೇಡಿಯೇಟರಿಗೆ ಹರಿಯುತ್ತದೆ. ಹೆಚ್ಚಿನ ಕಾರುಗಳಲ್ಲಿ ಇದು 82 ಅಥವಾ 88 ಡಿಗ್ರಿಗೆ ತೆರೆಯಲು ಶುರುವಾಗಿ, ಇನ್ನು ಹತ್ತು ಹದಿನೈದು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯುತ್ತದೆ. ವಿದ್ಯುತ್ತೂ ಇಲ್ಲ, ಮೋಟರೂ ಇಲ್ಲ, ಮೇಣ ಮತ್ತು ಸ್ಪ್ರಿಂಗು ಅಷ್ಟೇ. ಕೆಲವು ಹೊಸ ಕಾರುಗಳಲ್ಲಿ ಮೇಣವನ್ನು ಕಾಯಿಸಲು ಒಳಗೊಂದು ಸಣ್ಣ ಹೀಟರ್ ಇರುತ್ತದೆ. ನಿಮ್ಮದಕ್ಕೆ ವೈರು ಬಂದಿದ್ದರೆ ಅದು ಈ ಜಾತಿಯದು. ಅಂಥದ್ದಕ್ಕೆ ಸಾದಾ ವಾಲ್ ಹಾಕಿಸಲೇಬೇಡಿ.

ಮುಂದಿನ ಎಲ್ಲ ಆಯ್ಕೆಗೂ ಬುಡ ಒಂದೇ: ಈ ವಾಲ್ ಎಂಜಿನ್ನಿನ ಬಿಸಿ ಎಷ್ಟಕ್ಕಿಂತ ಕೆಳಗೆ ಇಳಿಯಬಾರದು ಎಂದು ನೋಡಿಕೊಳ್ಳುತ್ತದೆ. ಎಷ್ಟಕ್ಕಿಂತ ಮೇಲೆ ಏರಬಾರದು ಎಂದು ನೋಡಿಕೊಳ್ಳುವುದು ರೇಡಿಯೇಟರ್, ಫ್ಯಾನ್, ವಾಟರ್ ಪಂಪ್ ಮತ್ತು ಕ್ಯಾಪಿನ ಕೆಲಸ. ಬಾಯಿ ಪೂರ್ತಿ ತೆರೆದ ಮೇಲೆ ವಾಲಿನ ಪಾಲು ಮುಗಿಯಿತು. ಬಿಸಿ ಏರಲು ವಾಲ್ ಕಾರಣವಾಗುವುದು ಅದು ತೆರೆಯದೇ ಇದ್ದಾಗ ಮಾತ್ರ.

ಕೊಳ್ಳುವ ಮೊದಲು ರೋಗ ಖಚಿತವಾಗಲಿ

ಗಾಡಿ ಕಾದರೆಲ್ಲ ವಾಲ್ ತಪ್ಪಲ್ಲ. ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ಎಸಿ ಹಾಕಿಕೊಂಡು ಅಂಗುಲ ಅಂಗುಲ ಸರಿಯುವಾಗ ಕಾದು, ಜೇವರ್ಗಿ ರಸ್ತೆಗೆ ಬಿದ್ದು ಓಡಿದ ಕೂಡಲೇ ತಣ್ಣಗಾದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಓಡುವಾಗಲೇ ಕಾದರೆ ವಾಲ್, ಪಂಪು, ಒಳಗೆ ಕಟ್ಟಿಕೊಂಡ ರೇಡಿಯೇಟರ್, ಹೆಚ್ಚಾಗಿ ಈ ಮೂರರಲ್ಲಿ ಒಂದು. ಹತ್ತು ಹದಿನೈದು ನಿಮಿಷ ಓಡಿದ ಮೇಲೂ ಕೆಳಗಿನ ಹೋಸು ಬಿಸಿಯಾಗದೇ ಮುಳ್ಳು ಮಾತ್ರ ಏರುತ್ತಿದ್ದರೆ ವಾಲ್ ತೆರೆದಿಲ್ಲ ಎನ್ನಲು ಅದು ಒಳ್ಳೆಯ ಗುರುತು. ಕೂಲಂಟಿನಲ್ಲಿ ಗುಳ್ಳೆ ಏಳುತ್ತಿದ್ದರೆ, ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ನೋಡಿಸಬೇಕು. ಆಗ ವಾಲ್ ಬದಲಿಸಿ ಪ್ರಯೋಜನವಿಲ್ಲ.

ಇನ್ನೊಂದು ರೋಗ ಇದರ ಉಲ್ಟಾ: ವಾಲ್ ತೆರೆದೇ ಉಳಿಯುವುದು. ನಮ್ಮೂರ ಬಿಸಿಲಲ್ಲಿ ಇದು ತಿಂಗಳುಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. ಮೈಲೇಜ್ ಇಳಿಯುತ್ತದೆ, ಮುಳ್ಳು ನಡುವಿನ ಗೆರೆಗೆ ಬರುವುದೇ ಇಲ್ಲ, ಸ್ಕ್ಯಾನರ್ ಹಾಕಿದರೆ ಪಿ 0128 ಎಂಬ ಕೋಡ್ (ಕೂಲಂಟ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಎಂಬ ಸೂಚನೆ) ಸಿಗಬಹುದು. ಎಷ್ಟೋ ಸಣ್ಣ ಕಾರುಗಳಲ್ಲಿ ಈಗ ಮುಳ್ಳೇ ಇಲ್ಲ, ನೀಲಿ ದೀಪ ಮತ್ತು ಕೆಂಪು ದೀಪ ಮಾತ್ರ. ನೀಲಿ ದೀಪ ಮೊದಲಿಗಿಂತ ಬಹಳ ಹೊತ್ತು ಉರಿಯುತ್ತಿದ್ದರೆ ಇದನ್ನು ನೆನೆಸಿಕೊಳ್ಳಿ. ಅಂಥ ಕಾರು ಇದ್ದವರು ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಸಣ್ಣ ಓಬಿಡಿ ಸ್ಕ್ಯಾನರ್ ಒಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಕೂಲಂಟ್ ಎಷ್ಟು ಡಿಗ್ರಿ ಇದೆ ಎಂದು ಅಂಕಿಯಲ್ಲೇ ತೋರಿಸುತ್ತದೆ. ಕೆಂಪು ದೀಪ ಹತ್ತುವ ಹೊತ್ತಿಗೆ ಅಲ್ಯೂಮಿನಿಯಂ ಹೆಡ್ ಬೆಂಡಾಗುವ ಅಪಾಯ ಬಾಗಿಲಿಗೇ ಬಂದಿರುತ್ತದೆ.

ತೆಗೆಸುವುದು, ಕಡಿಮೆ ಡಿಗ್ರಿಯದು, ಕಂಪನಿ ಹೇಳಿದ ಡಿಗ್ರಿಯದು

ವಾಲ್ ತೆಗೆಸಿದ ಮೊದಲ ವಾರ ನನಗೂ ಖುಷಿಯೇ. ಮುಳ್ಳು ಕೆಳಗೇ ಇತ್ತು. ಎರಡನೇ ತಿಂಗಳಿಗೆ ಪೆಟ್ರೋಲ್ ಲೆಕ್ಕ ಕೈಕೊಟ್ಟಿತು. ಊರೊಳಗೆ ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿದ್ದದ್ದು 13ಕ್ಕೆ ಇಳಿಯಿತು. ಕಾರಣ ಸರಳ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಸೆನ್ಸರ್ ಹೇಳುತ್ತಲೇ ಇದ್ದರೆ ಕಂಪ್ಯೂಟರು ಹೆಚ್ಚು ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಆ ಹೆಚ್ಚಿನ ಪೆಟ್ರೋಲಿನ ಒಂದಿಷ್ಟು ಪಾಲು ಆಯಿಲಿಗೆ ಇಳಿಯುತ್ತದೆ. ಆಯಿಲಿನೊಳಗೆ ಸೇರಿದ ತೇವ ಆವಿಯಾಗಿ ಹೋಗುವಷ್ಟು ಎಂಜಿನ್ ಕಾಯುವುದೂ ಇಲ್ಲ. ಆಯಿಲ್ ಬೇಗ ಹಾಳಾಗಿ, ಸವೆತ ಹೆಚ್ಚುತ್ತದೆ. ಡಿಸೆಂಬರಿನಲ್ಲಿ ಬೀದರಿಗೆ ಹೋದಾಗ ಬೆಳಗಿನ ಚಳಿಗೆ ಹೀಟರ್ ಹಾಕಿದರೆ ಬಂದದ್ದು ತಣ್ಣನೆ ಗಾಳಿ. ಹಿಂದಿನ ಸೀಟಿನಲ್ಲಿ ಅಮ್ಮ ಶಾಲು ಹೊದ್ದು ಕೂತಿದ್ದರು.

ನಿಜವಾದ ಪಾಠ ಮಾರನೇ ಏಪ್ರಿಲಿನಲ್ಲಿ ಆಯಿತು. ನಾಲ್ಕು ಜನ, ಸಾಮಾನು, ಎಸಿ, ಗಾಣಗಾಪುರದ ದಾರಿ. ವಾಲ್ ಇಲ್ಲದ ಗಾಡಿ ಮತ್ತೆ ಕಾಯಿತು. ಹೇಗೆ? "ನೀರು ಭಾಳ ಜೋರ್ ಹರೀತದ್ರಿ, ರೇಡಿಯೇಟರದಾಗ ತಂಪಾಗಾಕ ಟೈಮ್ ಸಿಗಲ್ಲ" ಎಂಬ ವಿವರಣೆಯನ್ನು ನೀವೂ ಕೇಳಿರಬಹುದು. ಅದು ಸರಿಯಲ್ಲ, ಹೆಚ್ಚು ಹರಿದರೆ ರೇಡಿಯೇಟರು ಹೆಚ್ಚೇ ಶಾಖ ಬಿಡುತ್ತದೆ. ನಿಜವಾದ ಕಾರಣ ಬೈಪಾಸ್ ದಾರಿ. ಬಹಳಷ್ಟು ಎಂಜಿನ್‌ಗಳಲ್ಲಿ ವಾಲಿನ ಕೆಳಗೆ ಎರಡನೆಯ ಒಂದು ತಟ್ಟೆ ಇರುತ್ತದೆ. ಮೇಲಿನ ಬಾಯಿ ರೇಡಿಯೇಟರಿಗೆ ತೆರೆಯುತ್ತಿದ್ದಂತೆ ಈ ಕೆಳಗಿನ ತಟ್ಟೆ ಬೈಪಾಸನ್ನು ಮುಚ್ಚುತ್ತದೆ, ಕೂಲಂಟೆಲ್ಲ ರೇಡಿಯೇಟರಿಗೇ ಹೋಗಬೇಕಾಗುತ್ತದೆ. ವಾಲನ್ನು ಕಿತ್ತು ಹಾಕಿದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಕಾದ ಕೂಲಂಟಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆ ಎಂಜಿನ್ನಿಗೇ ವಾಪಸ್ ಬರುತ್ತದೆ. ಊರೊಳಗೆ ತಣ್ಣಗೆ, ಭಾರ ಬಿದ್ದಾಗ ಬಿಸಿ: ತೆಗೆಸಿದವರಿಗೆ ಎರಡೂ ಕಡೆಯಿಂದ ನಷ್ಟ. ಹಳ್ಳಿಯ ನಡುದಾರಿಯಲ್ಲಿ ವಾಲ್ ಸಿಕ್ಕಿಕೊಂಡು ಮನೆ ಮುಟ್ಟುವ ಬೇರೆ ದಾರಿಯೇ ಇಲ್ಲದಿದ್ದರೆ ಆ ಒಂದು ದಿನಕ್ಕೆ ತೆಗೆಸಿ. ಅದಕ್ಕಿಂತ ಹೆಚ್ಚು ಬೇಡ.

ಇನ್ನು ಕಡಿಮೆ ಡಿಗ್ರಿಯ ವಾಲ್. 88ರ ಜಾಗಕ್ಕೆ 76ರದು ಹಾಕಿದರೆ ಬ್ಯಾಸಗಿಯಲ್ಲಿ ಹನ್ನೆರಡು ಡಿಗ್ರಿ ತಂಪು ಎಂದು ಅಂಗಡಿಯವರು ಹೇಳುತ್ತಾರೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ರೇಡಿಯೇಟರ್ ಎಷ್ಟು ಶಾಖ ಹೊರಹಾಕುತ್ತದೆ ಎಂಬುದು ಕೂಲಂಟಿಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಹೊರಗೆ 43 ಡಿಗ್ರಿ, ಕೂಲಂಟ್ 90 ಇದ್ದರೆ ಅಂತರ 47. ಕೂಲಂಟ್ 76ರಲ್ಲಿ ನಿಲ್ಲಬೇಕಾದರೆ ಅಂತರ ಬರೀ 33. ಅದೇ ರೇಡಿಯೇಟರು, ಅದೇ ಫ್ಯಾನು. ಹೊರಹೋಗುವ ಶಾಖ ಹತ್ತರಲ್ಲಿ ಏಳು ಪಾಲಷ್ಟೇ. ಅದರ ಮೇಲೆ ಎಸಿ ಕಂಡೆನ್ಸರ್ ಮುಂದೆ ನಿಂತು, ಕಾದ ಗಾಳಿಯನ್ನೇ ರೇಡಿಯೇಟರಿಗೆ ಕಳಿಸುತ್ತಿರುತ್ತದೆ. ಹಾಗಾಗಿ ಮೇ ಮಧ್ಯಾಹ್ನ ಹೆದ್ದಾರಿಯಲ್ಲಿ ಎರಡೂ ವಾಲ್ ಬಾಯಿ ತೆರೆದುಕೊಂಡಿರುತ್ತವೆ, ಕೂಲಂಟ್ ಹೋಗಿ ನಿಲ್ಲುವ ಜಾಗ ಬಹುಮಟ್ಟಿಗೆ ಒಂದೇ. ಕಡಿಮೆ ಡಿಗ್ರಿಯದರಿಂದ ಸಿಗುವುದು ಚಳಿಗಾಲದಲ್ಲಿ ತಣ್ಣಗಿನ ಎಂಜಿನ್, ಸಣ್ಣ ಓಡಾಟದಲ್ಲಿ ಹೆಚ್ಚು ಪೆಟ್ರೋಲ್. ನಿಮ್ಮ ಗಾಡಿ ಒಳ್ಳೆಯ ವಾಲ್ ಇದ್ದೂ ಕಾಯುತ್ತಿದ್ದರೆ ಆ ದುಡ್ಡನ್ನು ರೇಡಿಯೇಟರ್ ಸ್ವಚ್ಛ ಮಾಡಿಸಲು ಹಾಕಿ.

ಆದ್ದರಿಂದ ನನ್ನ ಮಟ್ಟಿಗೆ ಡಿಗ್ರಿಯ ಪ್ರಶ್ನೆಯಲ್ಲಿ ಆಯ್ಕೆ ಎಂಬುದಿಲ್ಲ. ಕಂಪನಿ ಯಾವ ಅಂಕಿ ಕೊಟ್ಟಿದೆಯೋ ಅದೇ. ಹಳೆಯ ವಾಲಿನ ಅಂಚಿನ ಮೇಲೆ ಅಚ್ಚೊತ್ತಿರುತ್ತದೆ, ಒರೆಸಿ ಓದಿಕೊಳ್ಳಿ.

ಜಿನ್ಯೂನ್, ಬ್ರ್ಯಾಂಡ್ ಮಾಲು, ಲೋಕಲ್ ಮಾಲು

ನಿಜವಾಗಿ ಯೋಚಿಸಬೇಕಾದ ಆಯ್ಕೆ ಇಲ್ಲಿದೆ. ಕಾರು ಕಂಪನಿಯ ಡಬ್ಬಿಯಲ್ಲಿ ಬರುವುದು ಜಿನ್ಯೂನ್: ಮಾರುತಿಗೆ ಮಾರುತಿಯದೇ, ಹ್ಯುಂಡೈ ಮತ್ತು ಕಿಯಾಗಳಿಗೆ ಮೋಬಿಸ್ ಹೆಸರಿನಲ್ಲಿ. ಎರಡನೆಯದು ಬಿಡಿಭಾಗ ಮಾಡುವ ದೊಡ್ಡ ಕಂಪನಿಗಳದು. ವಾಹ್ಲರ್, ಮಾಹ್ಲೆಯಂಥವರು ಕಾರು ಕಂಪನಿಗಳಿಗೇ ಥರ್ಮೋಸ್ಟಾಟ್ ಮಾಡಿಕೊಡುವವರು, ತಮ್ಮ ಹೆಸರಿನ ಡಬ್ಬಿಯಲ್ಲೂ ಮಾರುತ್ತಾರೆ. ಮೂರನೆಯದು ಹೆಸರೇ ಇಲ್ಲದ, ಅಥವಾ ಹೆಸರಿನಲ್ಲಿ ಒಂದಕ್ಷರ ಬದಲಾದ ಮಾಲು.

ಸಣ್ಣ ಕಾರುಗಳಿಗೆ ಬರೀ ವಾಲ್ ಜಿನ್ಯೂನ್ ಆದರೂ ದೊಡ್ಡ ಬೆಲೆಯಲ್ಲ. ಬಿಚ್ಚುವ ಕೂಲಿ, ಹೊಸ ಕೂಲಂಟ್ ಸೇರಿಸಿದರೆ ಒಟ್ಟು ಖರ್ಚಿನಲ್ಲಿ ವಾಲಿನ ಪಾಲು ಚಿಕ್ಕದು. ಲೋಕಲ್ ಮಾಲಿನಲ್ಲಿ ಉಳಿಯುವ ಹಣಕ್ಕೂ, ಅದು ಆರು ತಿಂಗಳಲ್ಲಿ ಕೆಟ್ಟರೆ ಮತ್ತೆ ಸುರಿಯಬೇಕಾದ ಕೂಲಂಟಿಗೂ ತಾಳೆ ಹಾಕಿ ನೋಡಿ. ಅದು ಬಾಯಿ ಮುಚ್ಚಿಕೊಂಡೇ ಕೆಟ್ಟರೆ ಹೆಡ್ ಇಳಿಸುವ ಖರ್ಚು ಬೇರೆ.

ನನ್ನ ಕಾರಿನದು ಹಳೆಯ ಮಾಡೆಲ್, ಜಿನ್ಯೂನ್ ಇಲ್ಲಿ ಸಿಗಲಿಲ್ಲ. ಅಂಗಡಿಯವರು "ಬ್ರ್ಯಾಂಡ್ ಮಾಲು ಹೈದ್ರಾಬಾದಿಂದ ತರಸ್ತೀನ್ರಿ, ಎರಡ್ ದಿನ ತಡೀರಿ" ಎಂದರು. ಎರಡು ದಿನ ಕಾಯುವ ಬದಲು ಸಿಕ್ಕಿದ್ದನ್ನೇ ಹಾಕಿಸಿಬಿಡೋಣ ಎಂದು ಒಂದು ಲೋಕಲ್ ಮಾಲು ಕೊಂಡು ಮನೆಗೆ ತಂದೆ. ಹಾಕಿಸುವ ಮೊದಲು ಒಲೆಯ ಮೇಲೆ ಪರೀಕ್ಷೆ ಮಾಡಿದೆ. 88 ಎಂದು ಅಚ್ಚಿದ್ದ ವಾಲ್ 80ರ ಹತ್ತಿರವೇ ಬಾಯಿ ಬಿಟ್ಟಿತು, ಆರಿದ ಮೇಲೆ ಪೂರ್ತಿ ಮುಚ್ಚಲೂ ಇಲ್ಲ. ಮರಳಿ ಕೊಟ್ಟೆ. ಎರಡು ದಿನ ಬಿಟ್ಟು ಬಂದ ಬ್ರ್ಯಾಂಡ್ ಮಾಲು 87ಕ್ಕೆ ತೆರೆಯಿತು.

ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಅಡುಗೆಗೆ ಮತ್ತೆ ಬಳಸದ ಒಂದು ಹಳೆಯ ಪಾತ್ರೆಯಲ್ಲಿ ನೀರಿಡಿ. ವಾಲಿನ ಬಾಯಿಯನ್ನು ಬೆರಳಿನಿಂದ ತುಸು ಬಿಡಿಸಿ ಗಟ್ಟಿ ದಾರವನ್ನು ಕಚ್ಚಿಸಿ, ಆ ದಾರದಿಂದಲೇ ನೀರಿನೊಳಗೆ ತೂಗಿಬಿಡಿ. ಪಾತ್ರೆಯ ತಳ ತಾಗಬಾರದು, ತಳದ ಬಿಸಿ ನೀರಿಗಿಂತ ಹೆಚ್ಚಿರುತ್ತದೆ. ಪಕ್ಕದಲ್ಲಿ 110 ಡಿಗ್ರಿವರೆಗೆ ತೋರಿಸುವ ಥರ್ಮೋಮೀಟರ್. ವಾಲ್ ತೆರೆಯತೊಡಗಿದ ಕ್ಷಣ ದಾರ ಸಡಿಲಾಗಿ ಅದು ಕಳಚಿ ಬೀಳುತ್ತದೆ, ಆಗಿನ ಅಂಕಿ ಬರೆದುಕೊಳ್ಳಿ. ಅಚ್ಚಿದ್ದ ಅಂಕಿಗಿಂತ ಎರಡು ಮೂರು ಡಿಗ್ರಿ ಆಚೀಚೆಯಾದರೆ ಚಿಂತೆಯಿಲ್ಲ. ನೀರು ಕುದಿಯುವಾಗ ಬಾಯಿ ಎಷ್ಟು ಅಗಲ ತೆರೆದಿದೆ ನೋಡಿ. ಎಷ್ಟೋ ಕಾರುಗಳಿಗೆ 8 ಮಿಲಿಮೀಟರ್ ಆಸುಪಾಸು ಎನ್ನುತ್ತಾರೆ. ಇಲ್ಲಿ ನಮ್ಮ ಭಾಗದವರು ಗಮನಿಸಬೇಕಾದದ್ದು ಒಂದಿದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರ, ಹಾಗಾಗಿ ತೆರೆದ ಪಾತ್ರೆಯ ನೀರು 98.5 ಡಿಗ್ರಿ ಸುತ್ತಲೇ ಕುದಿದುಬಿಡುತ್ತದೆ. ಬೀದರ್ ಇನ್ನೂ ಎತ್ತರ. ಅಲ್ಲಿ 98ಕ್ಕೂ ತುಸು ಮೊದಲೇ. 100ರ ಹತ್ತಿರ ಪೂರ್ತಿ ತೆರೆಯುವ ವಾಲ್ ಪಾತ್ರೆಯಲ್ಲಿ ಸ್ವಲ್ಪ ಕಡಿಮೆ ತೆರೆದರೆ ಅದನ್ನು ಕೆಟ್ಟದ್ದೆಂದು ಎಸೆಯಬೇಡಿ. ಕಾರಿನೊಳಗೆ ಒತ್ತಡವಿರುವುದರಿಂದ ಕೂಲಂಟ್ 100 ದಾಟಿದರೂ ಕುದಿಯುವುದಿಲ್ಲ.

ಗಾಡಿ ಒಮ್ಮೆ ಜೋರಾಗಿ ಕಾದಿದ್ದರೆ ಆಗ ಒಳಗಿದ್ದ ವಾಲನ್ನು, ಪರೀಕ್ಷೆಯಲ್ಲಿ ಪಾಸಾದರೂ, ನಾನು ಮತ್ತೆ ಹಾಕಿಸುವುದಿಲ್ಲ. ಅತಿಯಾದ ಬಿಸಿ ಮೇಣದ ಗುಂಡಿಯ ರಬ್ಬರ್ ಸೀಲಿಗೆ ಒಳ್ಳೆಯದಲ್ಲ.

ಬರೀ ವಾಲೋ, ಹೌಸಿಂಗ್ ಸಮೇತವೋ

ಕೆಲವು ಕಾರುಗಳಲ್ಲಿ ಈ ಆಯ್ಕೆಯೇ ಇಲ್ಲ, ವಾಲ್ ತಾನು ಕೂರುವ ಗೂಡಾದ ಪ್ಲಾಸ್ಟಿಕ್ ಹೌಸಿಂಗಿನೊಳಗೇ ಕೂಡಿಕೊಂಡು ಬರುತ್ತದೆ. ಬೆಲೆ ಹೆಚ್ಚು, ಆದರೆ ಬಿಡಿಸಲು ಆಗುವುದಿಲ್ಲ. ಬಿಡಿಯಾಗಿ ಸಿಗುವ ಕಾರುಗಳಲ್ಲಿ ಹೌಸಿಂಗ್ ಯಾವುದರದು ನೋಡಿ. ಅಲ್ಯೂಮಿನಿಯಂ ಆಗಿದ್ದು ಮುಖ ಸಪಾಟಾಗಿದ್ದರೆ, ಹೋಸ್ ಸಿಕ್ಕಿಸುವ ತುದಿ ತುಕ್ಕು ತಿಂದಿರದಿದ್ದರೆ ವಾಲ್ ಮತ್ತು ರಬ್ಬರ್ ರಿಂಗು ಸಾಕು. ಪ್ಲಾಸ್ಟಿಕ್ ಹೌಸಿಂಗಿಗೆ ಏಳೆಂಟು ವರ್ಷವಾಗಿದ್ದರೆ ಅದನ್ನೂ ಬದಲಿಸಿ. ವರ್ಷಗಟ್ಟಲೆ ಎಂಜಿನ್ ಬಿಸಿ ತಿಂದ ಪ್ಲಾಸ್ಟಿಕ್ ಮುರುಕಲಾಗಿರುತ್ತದೆ. ಹಳೆ ಕ್ಲಿಪ್ ಬಿಚ್ಚಿ ಬಿಗಿಯುವಾಗಲೇ ಕೂದಲೆಳೆ ಬಿರುಕು ಬೀಳುತ್ತದೆ, ತಿಂಗಳ ಮೇಲೆ ಸೋರಲು ಶುರುವಾಗುತ್ತದೆ.

ರಬ್ಬರ್ ರಿಂಗಿರುವ ವಾಲಿಗೆ ಸಿಲಿಕಾನ್ ಪೇಸ್ಟ್ ಬೇಡ ಎಂದು ಮಿಸ್ತ್ರಿಗೆ ಮೊದಲೇ ಹೇಳಿ. ಒಳಗೆ ಉಕ್ಕಿದ ಪೇಸ್ಟ್ ಗಟ್ಟಿಯಾಗಿ ಕಳಚಿ ರೇಡಿಯೇಟರಿನ ಸಣ್ಣ ಕೊಳವೆಗಳಿಗೆ ಹೋಗಿ ಕೂರುತ್ತದೆ. ವಾಲಿನ ಅಂಚಿನಲ್ಲಿ ಅಲ್ಲಾಡುವ ಒಂದು ಚಿಕ್ಕ ಪಿನ್ನು ಕಾಣುತ್ತದಲ್ಲ, ಅದು ಗಾಳಿ ಹೊರಹೋಗುವ ದಾರಿ. ವಾಲ್ ಅಡ್ಡ ಕೂರುವ ಎಂಜಿನ್‌ಗಳಲ್ಲಿ ಪಿನ್ನು ಮೇಲ್ಭಾಗಕ್ಕೆ ಬರಬೇಕು.

ಶೋರೂಮು, ಗ್ಯಾರೇಜು, ನಮ್ಮದೇ ಕೈ

ವಾರಂಟಿ ಇದ್ದರೆ ಶೋರೂಮಿನ ವರ್ಕ್‌ಶಾಪ್, ಬೇರೆ ಮಾತಿಲ್ಲ. ವೈರು ಬಂದಿರುವ ವಾಲ್ ಇದ್ದರೂ ಅಲ್ಲೇ. ಉಳಿದಂತೆ ರಿಂಗ್ ರೋಡಿನ ಬದಿಯ ಒಳ್ಳೆಯ ಮಿಸ್ತ್ರಿ ಈ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುತ್ತಾರೆ, ಕೂಲಿಯೂ ಕಡಿಮೆ. ಎರಡು ಮಾತು ಮುಂಚೆ ಮಾಡಿಕೊಳ್ಳಿ: ವಾಲ್ ನಾನೇ ತಂದುಕೊಡುತ್ತೇನೆ, ಕೂಲಂಟಿನೊಳಗೆ ಸಿಕ್ಕಿಕೊಂಡ ಗಾಳಿ ತೆಗೆಯುವವರೆಗೆ ಗಾಡಿ ಒಯ್ಯುವುದಿಲ್ಲ. ವಾಲ್ ಮೇಲೆಯೇ ಕಾಣುವ ಹಳೆಯ ಕಾರುಗಳಲ್ಲಿ ಎರಡು ಮೂರು ಬೋಲ್ಟ್, ಒಂದು ಕ್ಲಿಪ್. ಪಾನಾ ಹಿಡಿದು ರೂಢಿಯಿದ್ದವರು ಮನೆಯಲ್ಲೇ ಮಾಡಬಹುದು. ಎಂಜಿನ್ ರಾತ್ರಿಯೆಲ್ಲ ಆರಿರಬೇಕು. ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ತೆರೆದರೆ ಕುದಿಯುವ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ. ಇಳಿಸಿದ ಕೂಲಂಟನ್ನು ಚರಂಡಿಗೂ ಅಂಗಳಕ್ಕೂ ಸುರಿಯಬೇಡಿ. ಅದು ಸಿಹಿ ರುಚಿಯ ವಿಷ, ನಾಯಿ, ದನ, ಮಕ್ಕಳು ಬಾಯಿ ಹಾಕಿದರೆ ಜೀವಕ್ಕೇ ಅಪಾಯ.

ಒಳಗೆ ಏನು ತುಂಬಿಸುವುದು

ಹೊಸ ವಾಲ್ ಹಾಕಿಸಿ ಬೋರಿನ ನೀರು ತುಂಬಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಶಹಾಬಾದ್ ಕಲ್ಲು, ವಾಡಿ ಮತ್ತು ಸೇಡಂ ಕಡೆಯ ಸಿಮೆಂಟು ಬರುವುದೇ ನಮ್ಮ ನೆಲದ ಸುಣ್ಣದ ಕಲ್ಲಿನಿಂದ. ಅಂಥ ನೆಲದೊಳಗಿಂದ ಬರುವ ನೀರು ಗೀಸರ್ ಕಾಯಿಲಿಗೆ, ಚಹಾದ ಪಾತ್ರೆಗೆ ಬಿಳಿ ಪದರು ಕಟ್ಟುವುದನ್ನು ಮನೆಮನೆಯಲ್ಲಿ ನೋಡುತ್ತೇವೆ. ಅದೇ ಪದರು ರೇಡಿಯೇಟರಿನ ಕೊಳವೆಗೂ ವಾಲಿನ ಕಡ್ಡಿಗೂ ಕಟ್ಟುತ್ತದೆ. ನನ್ನ ಹಳೆಯ ವಾಲ್ ಮುಚ್ಚಿಕೊಂಡು ಕೂತದ್ದಕ್ಕೂ ಅದೇ ಕಾರಣವೆಂದು ನಂಬಿದ್ದೇನೆ. ಅದರ ಸ್ಪ್ರಿಂಗಿನ ಸುತ್ತ ಸುಣ್ಣ ಉದುರುವಷ್ಟಿತ್ತು. ದಾರಿಯಲ್ಲಿ ಸಿಕ್ಕ ಹ್ಯಾಂಡ್‌ಪಂಪಿನ ನೀರನ್ನು ಎಷ್ಟು ಸಲ ತುಂಬಿಸಿದ್ದೆನೋ ಲೆಕ್ಕವಿಲ್ಲ.

ಬೆರೆಸಿಯೇ ಬರುವ ರೆಡಿ ಕೂಲಂಟ್ ಸುಲಭ. ಗಟ್ಟಿ ಕೂಲಂಟ್ ತಂದರೆ ಡಿಸ್ಟಿಲ್ಡ್ ವಾಟರ್ ಜೊತೆ, ಕಾರಿನ ಪುಸ್ತಕ ಹೇಳಿದ ಪ್ರಮಾಣದಲ್ಲಿ ಬೆರೆಸಿ. ಇಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ, ಕೂಲಂಟ್ ಯಾಕೆ ಎನ್ನಬೇಡಿ. ತುಕ್ಕು ತಡೆಯುವುದೂ, ಕುದಿಯುವ ಬಿಂದುವನ್ನು ಮೇಲೇರಿಸುವುದೂ ಅದರದೇ ಕೆಲಸ. ಹಾಗೆಂದು ನೀರೇ ಬೆರೆಸದೆ ಗಟ್ಟಿಯಾಗಿಯೂ ಹಾಕಬಾರದು, ಶಾಖ ಹೊತ್ತೊಯ್ಯುವುದರಲ್ಲಿ ಅದು ನೀರಿಗಿಂತ ಹಿಂದೆ. ಹಸಿರು, ಕೆಂಪು ಎಂಬ ಬಣ್ಣ ನೋಡಿ ಒಂದರೊಳಗೊಂದು ಬೆರೆಸಬೇಡಿ. ಒಳಗಿನ ರಾಸಾಯನಿಕ ಯಾವುದೆಂದು ಬಣ್ಣ ಹೇಳುವುದಿಲ್ಲ. ಇದೇ ಹೊತ್ತಿಗೆ ರೇಡಿಯೇಟರ್ ಕ್ಯಾಪಿನ ರಬ್ಬರ್ ಒಣಗಿ ಬಿರಿದಿದ್ದರೆ ಅದೂ ಹೊಸದಾಗಲಿ, ಒತ್ತಡ ಹಿಡಿಯದ ಕ್ಯಾಪಿದ್ದರೆ ಕೂಲಂಟ್ ಬೇಗ ಕುದಿಯುತ್ತದೆ.

ತುಂಬಿಸುವಾಗ ಗಾಡಿಯ ಮುಂಭಾಗ ತುಸು ಎತ್ತರದಲ್ಲಿರಲಿ, ಹೀಟರಿನ ತಿರುಗಣಿ ಪೂರ್ತಿ ಬಿಸಿಯ ಕಡೆಗಿರಲಿ. ನಿಧಾನವಾಗಿ ಸುರಿಯುತ್ತ ಹೋಸನ್ನು ಆಗಾಗ ಅದುಮಿದರೆ ಗುಳ್ಳೆಗಳು ಹೊರಬೀಳುತ್ತವೆ. ಗಾಳಿ ತೆಗೆಯುವ ಸ್ಕ್ರೂ ಇದ್ದ ಕಾರಿಗೆ ಅದನ್ನು ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲಂಟ್ ಬಂದಾಗ ಬಿಗಿಯಬೇಕು. ಎಂಜಿನ್ ಚಾಲೂ ಮಾಡಿ, ಕೆಳಗಿನ ಹೋಸು ಇದ್ದಕ್ಕಿದ್ದಂತೆ ಬಿಸಿಯಾಗುವುದನ್ನು ಕಾಯಿರಿ; ಹೊಸ ವಾಲ್ ಬಾಯಿ ತೆರೆದದ್ದು ಆಗಲೇ. ಹೋಸನ್ನು ಮುಟ್ಟಿ ನೋಡುವಾಗ ಫ್ಯಾನಿನಿಂದ ಕೈ ದೂರವಿರಲಿ, ಅದು ಹೇಳದೆ ಕೇಳದೆ ತಿರುಗಲು ಶುರುಮಾಡುತ್ತದೆ. ಫ್ಯಾನು ಎರಡು ಸಲ ಬಂದು ನಿಂತ ಮೇಲೆ ಎಂಜಿನ್ ಬಂದ್ ಮಾಡಿ. ಮರುದಿನ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ, ಟ್ಯಾಂಕಿನ ಮಟ್ಟ ನೋಡಿ. ಮೊದಲ ಬಾರಿ ಒಂದಿಷ್ಟು ಇಳಿದಿರುತ್ತದೆ, ಗೆರೆವರೆಗೆ ತುಂಬಿಸಿ. ಮತ್ತೆ ಒಂದು ವಾರ ದಿನಾ ನೋಡುತ್ತಿರಿ. ವಾರವಾದ ಮೇಲೂ ಮಟ್ಟ ಇಳಿಯುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ ನೋಡಿಸುವ ಕಾಲ ಬಂದಿದೆ.